ನೋಟ ಪರರಿಚ್ಛೆ: ಅಂಗಡಿಗೂ ಕಚೇರಿಗೂ ನಮ್ಮ ಉಡುಪು

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಉಣ್ಣುವುದು ನಮ್ಮ ಹೊಟ್ಟೆಗೆ, ಉಡುವುದು ನೋಡುವವರ ಕಣ್ಣಿಗೆ ಎಂಬುದು ಇದರ ಭಾವ. ಐವತ್ತು ವರ್ಷ ಜವಳಿ ವ್ಯಾಪಾರ ಮಾಡಿದ ನಮಗೆ ಈ ಗಾದೆ ಬಾಯಿಪಾಠ. ಗಿರಾಕಿ ಎರಡು ಬಟ್ಟೆಗಳ ನಡುವೆ ಅನುಮಾನಿಸುತ್ತ ನಿಂತಾಗ ಇದನ್ನೇ ಹೇಳಿ ಬೆಲೆಯುಳ್ಳದ್ದನ್ನು ಕೊಡಿಸಿದ್ದೇವೆ. ಆದರೆ ಗಾದೆಯಲ್ಲಿರುವ ಆ ‘ಪರರು’ ಯಾರು ಎಂಬುದನ್ನು ನಾವು ತಿಳಿದದ್ದು ಅರವತ್ತರ ಹತ್ತಿರಕ್ಕೆ ಬಂದ ಮೇಲೆ, ಅದೂ ಒಂದು ತಪ್ಪು ಮಾಡಿದ ಮೇಲೆ. ಅದನ್ನು ವಾಚಕ ಬಂಧುಗಳ ಮುಂದೆ ಇಡಬೇಕೆಂದು ಈ ಬರಹ.

ನಮ್ಮದು ಧರ್ಮಪುರಿಯಲ್ಲಿ ಜವಳಿ ಅಂಗಡಿ. ನಮ್ಮ ಅಜ್ಜ ತುಮಕೂರಿನ ಕಡೆಯಿಂದ ಬಟ್ಟೆಯ ಗಂಟು ಹೊತ್ತು ಇಲ್ಲಿಗೆ ಬಂದವರು. ಆಗ ಧರ್ಮಪುರಿ ಸೇಲಂ ಜಿಲ್ಲೆಗೆ ಸೇರಿತ್ತು. 1965ರ ಅಕ್ಟೋಬರ್ 2ರಂದು ಬೇರೆ ಜಿಲ್ಲೆಯಾಯಿತು. ಸರಕು ತರಲು ಸೇಲಂ, ಇಳಂಪಿಳ್ಳೆ, ಈರೋಡು; ನೆಂಟಸ್ತನಕ್ಕೆ ಹೊಸೂರು, ಬೆಂಗಳೂರು, ತುಮಕೂರು. ಅಂಗಡಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ನಾವು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಆದ್ದರಿಂದ ಇಲ್ಲಿ ಪಾಂಡಿತ್ಯವನ್ನು ಯಾರೂ ನಿರೀಕ್ಷಿಸಬಾರದು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕಂಡದ್ದನ್ನು ಬರೆಯುತ್ತಿದ್ದೇವೆ.

ಒಂದು ಪತ್ರ, ಎರಡು ಮಾತು

2018ರಲ್ಲಿ ನಮ್ಮ ಎರಡನೆಯ ಮಗನಿಗೆ ಹೊಸೂರಿನ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮೂರು ತಲೆಮಾರಿನಲ್ಲಿ ಸಂಬಳಕ್ಕೆ ಹೊರಟವನು ಇವನೇ ಮೊದಲು. ಕೆಲಸದ ಪತ್ರದಲ್ಲಿ ಸಂಬಳ, ರಜೆ, ಬಸ್ಸಿನ ವೇಳೆ ಎಲ್ಲ ಇದ್ದು, ಕೊನೆಗೆ ಉಡುಪು ‘ಬಿಸಿನೆಸ್ ಕ್ಯಾಷುಯಲ್’ ಆಗಿರತಕ್ಕದ್ದು ಎಂದು ಬರೆದಿತ್ತು. ಮನೆಯಲ್ಲಿ ಚರ್ಚೆ ಶುರುವಾಯಿತು. ಬಿಸಿನೆಸ್ ಎಂದರೆ ವ್ಯಾಪಾರ, ಅದು ನಮಗೆ ಗೊತ್ತು. ಕ್ಯಾಷುಯಲ್ ಎಂದರೆ ಕ್ಯಾಷುಯಲ್ ಲೀವು, ಅದೂ ಕೇಳಿದ್ದೇವೆ. ಎರಡನ್ನೂ ಸೇರಿಸಿದರೆ ವ್ಯಾಪಾರಕ್ಕೆ ರಜೆ ಎಂದಾಯಿತಲ್ಲ ಎಂದು ನಾವು ಹೇಳಿದೆವು. ಎಲ್ಲರೂ ನಕ್ಕರು.

ಮಗ ತಿಳಿಸಿ ಹೇಳಿದ. ಕೋಟು, ಟೈ ಬೇಕಿಲ್ಲ. ಹಾಗೆಂದು ಮನೆಯಲ್ಲಿ ಹಾಕುವ ಟೀ ಶರ್ಟು, ಮೊಣಕಾಲು ಹರಿದ ಜೀನ್ಸು, ಹವಾಯಿ ಚಪ್ಪಲಿಯೂ ನಡೆಯುವುದಿಲ್ಲ. ಕಾಲರ್ ಇರುವ ಶರ್ಟು, ಇಸ್ತ್ರಿ ಮಾಡಿದ ಹತ್ತಿಯ ಪ್ಯಾಂಟು, ಮುಚ್ಚಿದ ಷೂ. ಹೆಂಗಸರಾದರೆ ಸೀರೆ, ಸಲ್ವಾರ್ ಕಮೀಜ್, ಕುರ್ತಾ, ಅಥವಾ ಪ್ಯಾಂಟು ಶರ್ಟು. ಎರಡು ತುದಿಗಳ ನಡುವಣ ಉಡುಪು ಎಂದು ನಮಗೆ ಅರ್ಥವಾಯಿತು. ‘ಅಚ್ಚುಕಟ್ಟು’ ಎಂಬ ನಮ್ಮ ಕನ್ನಡದ ಮಾತನ್ನೇ ಪತ್ರದಲ್ಲಿ ಬರೆದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಇದು ಬಂದದ್ದು ಎಲ್ಲಿಂದ?

ಬಟ್ಟೆಯ ವ್ಯಾಪಾರಿಗೆ ಬಟ್ಟೆಯ ಕುಲಗೋತ್ರ ತಿಳಿಯುವ ಚಟ. ವಿಚಾರಿಸಿ ತಿಳಿದದ್ದನ್ನು ಹೇಳುತ್ತೇವೆ. ಅಮೆರಿಕಕ್ಕೆ ಸೇರಿದ ಹವಾಯಿ ದ್ವೀಪಗಳಲ್ಲಿ ಹೂವಿನ ಚಿತ್ರದ ಸಡಿಲ ಅಂಗಿ ಹೊಲಿಯುವವರು ಬಹಳ. ಶುಕ್ರವಾರ ಒಂದು ದಿನ ಕೋಟು ಟೈ ಬಿಟ್ಟು ಊರಿನ ಅಂಗಿ ತೊಟ್ಟು ಕಚೇರಿಗೆ ಬರಬಹುದು ಎಂಬ ರೂಢಿ ಅಲ್ಲಿ 1966ರಲ್ಲಿ ನಿಂತಿತು. ಸೆಖೆಯ ನಾಡಿನವರು ತಮ್ಮ ಸೆಖೆಗೆ ತಕ್ಕಂತೆ ಮಾಡಿಕೊಂಡ ಏರ್ಪಾಡು ಅದು. ಅದರಲ್ಲಿ ಅಂಗಿ ವ್ಯಾಪಾರಿಗಳ ಲಾಭವೂ ಇತ್ತು ಎನ್ನುವುದನ್ನು ಒಬ್ಬ ವ್ಯಾಪಾರಿಯಾಗಿ ನಾವು ಮರೆಯಬಾರದು. ಮುಂದೆ 1992ರಲ್ಲಿ ಲೀವೈಸ್ ಕಂಪನಿಯವರು ಕಚೇರಿಯ ಸಡಿಲ ಉಡುಪು ಹೇಗಿರಬೇಕೆಂದು ಒಂದು ಕೈಪಿಡಿ ಅಚ್ಚು ಹಾಕಿಸಿ ಅಮೆರಿಕದ 25,000 ಕಚೇರಿ ಅಧಿಕಾರಿಗಳಿಗೆ ಕಳಿಸಿದರು. ಅವರ ಬಳಿ ಅದಕ್ಕೆ ಒಪ್ಪುವ ಹತ್ತಿ ಪ್ಯಾಂಟು ಮಾರಾಟಕ್ಕೆ ಸಿದ್ಧವಾಗಿತ್ತು! ಮಾರನೆಯ ವರ್ಷವೇ, ಎಂದರೆ 1993ರಲ್ಲಿ, ನಮ್ಮ ಪಕ್ಕದ ಬೆಂಗಳೂರಿನ ಮದುರಾ ಗಾರ್ಮೆಂಟ್ಸ್‌ನವರು ಆಲನ್ ಸಾಲಿ ಬಟ್ಟೆ ತಂದು ‘ಶುಕ್ರವಾರದ ಉಡುಪು’ ಎಂದು ಜಾಹೀರಾತು ಹಾಕಿದರು. ಬಿಳಿ, ತಿಳಿನೀಲಿ ಬಿಟ್ಟು ಬೇರೆ ಬಣ್ಣದ ಶರ್ಟನ್ನು ಕಚೇರಿಗೆ ಹಾಕಬಹುದು ಎಂದು ನಮ್ಮ ಕಡೆಯ ಹುಡುಗರು ಆಗ ಕಲಿತರು.

ಇನ್ನೊಂದು ದೇಶದ ಉದಾಹರಣೆ ನಮಗೆ ಹೆಚ್ಚು ಹಿಡಿಸಿತು. ಜಪಾನಿನಲ್ಲಿ 2005ರ ಬೇಸಿಗೆಯಲ್ಲಿ ಸರ್ಕಾರವೇ ‘ಕೂಲ್ ಬಿಜ್’ ಎಂಬ ಹೆಸರಿನಲ್ಲಿ ಕಚೇರಿಗಳ ಎಸಿಯನ್ನು 28 ಡಿಗ್ರಿಗೆ ಇಡಲು ಹೇಳಿ, ಟೈ ಕೋಟು ಕಳಚಿ ಬನ್ನಿ ಎಂದಿತು. ಮಂತ್ರಿಗಳೇ ಮೊದಲು ಕಳಚಿದರು. ಉಡುಪು ಹಗುರವಾದರೆ ಕರೆಂಟು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಸೇಲಂನಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಅಂಥ ದಿನವೂ ಗಂಡು ಮಗನಿಗೆ ಮದುವೆಯಲ್ಲಿ ಮೂರು ತುಂಡಿನ ಸೂಟು ಹೊಲಿಸುವ ನಮ್ಮವರು ಈ ಲೆಕ್ಕವನ್ನು ಸ್ವಲ್ಪ ನೋಡಬೇಕು.

ನಮ್ಮ ಜಿಲ್ಲೆಯಲ್ಲೇ ಆದದ್ದು

ಕೆಲಸದ ಉಡುಪನ್ನು ಹವೆಗೂ ಮನಸ್ಸಿಗೂ ತಕ್ಕಂತೆ ಬದಲಿಸಿದವರು ಪರದೇಶದವರು ಮಾತ್ರವಲ್ಲ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು; 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಅಸಹಕಾರ ಚಳವಳಿ ಬಂದಾಗ ವಕೀಲಿಯನ್ನೂ ಅದರ ಉಡುಪನ್ನೂ ಬಿಟ್ಟು ಖಾದಿಗೆ ಬಂದರು. 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯದಲ್ಲಿ ಗಾಂಧಿ ಆಶ್ರಮ ಸ್ಥಾಪಿಸಿ ಸುತ್ತಲ ಬಡವರಿಗೆ ನೂಲುವ, ನೇಯುವ ಕೆಲಸ ಕೊಟ್ಟರು. ಈಗ ನಾಮಕ್ಕಲ್ ಜಿಲ್ಲೆಗೆ ಸೇರಿದ ಆ ಊರು ಆಗ ಸೇಲಂ ಜಿಲ್ಲೆಯದೇ. 1948ರಲ್ಲಿ ದೇಶದ ಗವರ್ನರ್ ಜನರಲ್ ಆಗಿ ಬ್ರಿಟಿಷ್ ವೈಸರಾಯರು ಕೂತ ಜಾಗದಲ್ಲಿ ಕೂತಾಗಲೂ ಅವರ ಮೈಮೇಲೆ ಇದ್ದದ್ದು ಪಂಚೆ ಮತ್ತು ಶಾಲು. ಗಾಂಧೀಜಿಯವರು ಅಂಗಿ ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದದ್ದೂ ನಮ್ಮ ತಮಿಳುನಾಡಿನಲ್ಲೇ, ಮದುರೆಯಲ್ಲಿ, 1921ರ ಸೆಪ್ಟೆಂಬರ್ 22ರಂದು. ಬಟ್ಟೆಗೆ ಗತಿಯಿಲ್ಲದ ರೈತನ ಎದುರು ತಾವು ಹೇಗೆ ಕಾಣುತ್ತೇವೆ ಎಂದು ಅವರು ಯೋಚಿಸಿದರು.

ಆದರೂ ಅದೇ ತಮಿಳುನಾಡಿನಲ್ಲಿ 2014ರ ಜುಲೈಯಲ್ಲಿ, ಚೆನ್ನೈನ ಒಂದು ಕ್ಲಬ್ಬಿನಲ್ಲಿ ನಡೆದ ಪುಸ್ತಕ ಬಿಡುಗಡೆಗೆ ಪಂಚೆಯುಟ್ಟು ಹೋದ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನು ಬಾಗಿಲಲ್ಲೇ ತಡೆದರು. ದೊಡ್ಡ ಗದ್ದಲವಾಯಿತು. ಮರುತಿಂಗಳೇ ವಿಧಾನಸಭೆ ಕಾನೂನು ಮಾಡಿತು. ಪಂಚೆ ಉಟ್ಟವರನ್ನು ಯಾವ ಕ್ಲಬ್ಬೂ, ಸಂಘವೂ, ಕಂಪನಿಯೂ ಸಾರ್ವಜನಿಕ ಸ್ಥಳದ ಒಳಗೆ ಬಿಡದೆ ಇರುವಂತಿಲ್ಲ. ತಡೆದರೆ ಲೈಸೆನ್ಸು ರದ್ದಾಗಬಹುದು, ಒಂದು ವರ್ಷದವರೆಗೆ ಸಜೆ, 25,000 ರೂಪಾಯಿವರೆಗೆ ದಂಡ. 2019ರಲ್ಲಿ ಸರ್ಕಾರಿ ನೌಕರರ ಉಡುಪಿನ ಬಗ್ಗೆ ಹೊರಟ ಆದೇಶದಲ್ಲೂ ಗಂಡಸರಿಗೆ ಶರ್ಟಿನೊಡನೆ ಪ್ಯಾಂಟು ಅಥವಾ ಪಂಚೆ ಎರಡಕ್ಕೂ ಅವಕಾಶವಿದೆ. ಹೆಂಗಸರಿಗೆ ಸೀರೆ, ಅಥವಾ ದುಪಟ್ಟಾದೊಂದಿಗೆ ಸಲ್ವಾರ್, ಚೂಡಿದಾರ್.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಪಂಚೆ ಉಟ್ಟರೆ ಹಿಂದುಳಿದವರು, ಪ್ಯಾಂಟು ಹಾಕಿದರೆ ಮುಂದುವರಿದವರು ಎಂಬ ಭ್ರಮೆ ನಮ್ಮ ಮಕ್ಕಳಲ್ಲಿದೆ. ಪಂಚೆಯೇ ಧರ್ಮ, ಪ್ಯಾಂಟು ಅಧರ್ಮ ಎಂಬ ಹಟ ನಮ್ಮಂಥ ಮುದುಕರಲ್ಲಿದೆ. ನಮ್ಮ ತಂದೆಯವರು ಕಚ್ಚೆಪಂಚೆ, ಮೇಲೆ ಕ್ಲೋಸ್ ಕೋಟು, ತಲೆಗೆ ಟೋಪಿ ಹಾಕಿ ಗದ್ದಿಗೆಯ ಮೇಲೆ ಕೂರುತ್ತಿದ್ದರು. ಆ ಕೋಟು ಬಂದದ್ದು ಎಲ್ಲಿಂದ? ಬ್ರಿಟಿಷರಿಂದಲೇ. ನಾವು ಕೋಟು ಬಿಟ್ಟು ಅರ್ಧ ತೋಳಿನ ಶರ್ಟಿಗೆ ಬಂದೆವು. ನಮ್ಮ ದೊಡ್ಡ ಮಗ ಪ್ಯಾಂಟಿಗೆ ಬಂದ. ಗದ್ದಿಗೆ ಹೋಗಿ ಕುರ್ಚಿ ಬಂತು. ಲೆಕ್ಕದ ಕೆಂಪು ಪುಸ್ತಕ ಹೋಗಿ ಕಂಪ್ಯೂಟರ್ ಬಂತು. ಉಡುಪು ಬದಲಾದದ್ದರಿಂದ ಅಂಗಡಿಗೆ ನಷ್ಟವಾಗಲಿಲ್ಲ.

ಚರ್ಮದ ಬೆಲ್ಟು, ರೇಷ್ಮೆಯ ಪಂಚೆ

ಮಗನ ಬಟ್ಟೆಗೆ ನಮ್ಮ ಅಂಗಡಿಯೇ ಸಾಕಾಯಿತು. ತಕರಾರು ಬಂದದ್ದು ಬೆಲ್ಟಿನಿಂದ. ಸೇಲಂಗೆ ಹೋಗಿದ್ದವನು ಒಂದು ಕಂದು ಬಣ್ಣದ ಬೆಲ್ಟು, ಅದಕ್ಕೊಪ್ಪುವ ಷೂ ತಂದ. ನಮ್ಮ ಮನೆಯವರು ಮೂಸಿ ನೋಡಿ, “ಇದು ಚರ್ಮ. ಈ ಮನೆಯ ಹೊಸ್ತಿಲು ದಾಟಬಾರದು” ಎಂದರು. ನಾವೂ ದನಿಗೂಡಿಸಿದೆವು. ಕೃಷ್ಣಗಿರಿ ದಾಟಿ ಚೆನ್ನೈ ಹೆದ್ದಾರಿಯಲ್ಲಿ ಹೋದರೆ ವಾಣಿಯಂಬಾಡಿ, ಆಂಬೂರು. ದೇಶದ ದೊಡ್ಡ ಚರ್ಮದ ಕೇಂದ್ರಗಳು ಅವು. ಅಲ್ಲಿಯ ಪಾಲಾರ್ ನದಿ ಚರ್ಮ ಹದ ಮಾಡುವ ನೀರಿನಿಂದ ಹೇಗೆ ಕೆಟ್ಟಿತೆಂಬುದು 1996ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಬಂದಿದೆ. ಪ್ರಾಣಿಗೂ ಹಿಂಸೆ, ನೀರಿಗೂ ಕೇಡು ಎಂದು ಮಗನಿಗೆ ಒಂದು ಪ್ರವಚನವನ್ನೇ ಕೊಟ್ಟೆವು.

ಅವನು ಎಲ್ಲವನ್ನೂ ಕೇಳಿ ಶಾಂತವಾಗಿ ಹೇಳಿದ: “ಅಪ್ಪಾಜಿ, ಬೆಲ್ಟು ಹಿಂದಕ್ಕೆ ಕೊಟ್ಟು ಬರುತ್ತೇನೆ. ಆದರೆ ನಾಳೆ ಬಸದಿಗೆ ನೀವು ಉಡುವ ಬಿಳಿ ಪಟ್ಟೆ ಪಂಚೆ ಯಾವುದರದು?”

ನಮಗೆ ಮಾತು ಹೊರಡಲಿಲ್ಲ. ಸೇಲಂ ವೆಣ್‌ಪಟ್ಟು ಎಂದರೆ ಭೌಗೋಳಿಕ ಗುರುತು ಪಡೆದ ಹೆಸರುವಾಸಿ ಬಿಳಿ ರೇಷ್ಮೆ. ಅದನ್ನು ಉಟ್ಟೇ ನಮ್ಮ ಮದುವೆಯಾಯಿತು, ಅದನ್ನು ಮಾರಿಯೇ ನಮ್ಮ ಮಕ್ಕಳು ಓದಿದರು. ಧರ್ಮಪುರಿಯಲ್ಲಿ ಸರ್ಕಾರದ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕಿಲೋ ಗೂಡು ಬೇಕು. ಎಣಿಸಿದರೆ ನಾಲ್ಕೈದು ಸಾವಿರ ಗೂಡು. ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಅದು ಹೊರಬರುವ ಮೊದಲೇ ಬಿಸಿಗಾಳಿಯಲ್ಲೋ ಹಬೆಯಲ್ಲೋ ಒಳಗಿನ ಜೀವವನ್ನು ಮುಗಿಸುತ್ತಾರೆ. ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಅದನ್ನು ‘ಮಡಿ’ ಎಂದು ಉಟ್ಟು ದೇವರ ಎದುರು ನಿಂತಿದ್ದೆವು.

ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ತಿ ತಪ್ಪದು ಎಂಬ ಶಾಸ್ತ್ರದ ಮಾತು ನಮಗೂ ಗೊತ್ತು. ಅದನ್ನು ಹೇಳಿ ಮಗನ ಬಾಯಿ ಮುಚ್ಚಿಸಬಹುದಿತ್ತು. ಮನಸ್ಸು ಬರಲಿಲ್ಲ. ಮರುದಿನ ಹತ್ತಿಯ ಪಂಚೆ ಉಟ್ಟು ಬಸದಿಗೆ ಹೋದೆವು. ಅಂದಿನಿಂದ ಈವರೆಗೆ ನಾವು ರೇಷ್ಮೆ ಉಟ್ಟಿಲ್ಲ. ಅಂಗಡಿಯಲ್ಲಿ ಮಾತ್ರ ರೇಷ್ಮೆ ಈಗಲೂ ಇದೆ. ಹೈದರಾಬಾದಿನ ಕುಸುಮ ರಾಜಯ್ಯನವರು ಚಿಟ್ಟೆಯನ್ನು ಹಾರಲು ಬಿಟ್ಟ ಮೇಲೆ ಗೂಡಿನಿಂದ ನೂಲುವ ‘ಅಹಿಂಸಾ ರೇಷ್ಮೆ’ಯನ್ನು ಬಳಕೆಗೆ ತಂದಿದ್ದಾರೆ. ಅಂಥದನ್ನು ಸ್ವಲ್ಪ ತರಿಸಿಟ್ಟೆವು. ಹೊಳಪು ಕಡಿಮೆ, ಬೆಲೆ ಹೆಚ್ಚು, ಕೇಳುವವರು ವಿರಳ. ನೇಕಾರರಿಗೆ ಕೊಟ್ಟ ಮುಂಗಡ, ಹಳೆಯ ಗಿರಾಕಿ, ದೊಡ್ಡ ಮಗನ ಸಂಸಾರ ಎಲ್ಲ ಆ ರೇಷ್ಮೆಯ ಕಪಾಟಿಗೆ ಕಟ್ಟಿಕೊಂಡಿವೆ. ನಾವು ಶುದ್ಧರಾದೆವು ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ತೀರದ ಸಾಲದಂತೆ ಅದು ಲೆಕ್ಕದಲ್ಲಿ ಹಾಗೇ ಉಳಿದಿದೆ.

ಮಗನ ಕಡೆಯ ಸಮಾಚಾರವನ್ನೂ ಹೇಳಿಬಿಡುತ್ತೇವೆ. ಬೆಲ್ಟು ಕ್ಯಾನ್‌ವಾಸಿನದು ಸಿಕ್ಕಿತು, ಷೂ ರೆಕ್ಸಿನ್ ಥರದ್ದು ಸಿಕ್ಕಿತು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಆದರೆ ಖರೀದಿಯವರು ಯಂತ್ರಗಳ ನಡುವೆಯೂ ಓಡಾಡಬೇಕು, ಅಲ್ಲಿ ಬೆರಳಿಗೆ ಉಕ್ಕಿನ ಕವಚವಿರುವ ಸುರಕ್ಷೆಯ ಬೂಟು ಕಡ್ಡಾಯ. ಕಾರ್ಖಾನೆಯವರು ಕೊಡುವ ಬೂಟು ಚರ್ಮದ್ದು. ಕೆಲಸ ಬಿಡುವುದೋ ವ್ರತ ಬಿಡುವುದೋ ಎಂದು ಮಗ ಎರಡು ರಾತ್ರಿ ನಿದ್ದೆಗೆಟ್ಟ. ಕೊನೆಗೆ ಮೇಲಧಿಕಾರಿಗೆ ಒಂದು ಕಾಗದ ಬರೆದ: ನಮ್ಮ ಮನೆಯಲ್ಲಿ ಚರ್ಮ ಮುಟ್ಟುವುದಿಲ್ಲ, ಅದೇ ಗಟ್ಟಿತನದ ಬೇರೆ ಬೂಟು ಇದ್ದರೆ ನನ್ನ ಖರ್ಚಿನಲ್ಲೇ ತರುತ್ತೇನೆ. ಮೈಕ್ರೋಫೈಬರ್ ಎಂಬ ಕೃತಕ ಬಟ್ಟೆಯ ಸುರಕ್ಷಾ ಬೂಟು ಮಾರುಕಟ್ಟೆಯಲ್ಲಿ ಇದೆ. ಪರೀಕ್ಷೆ ಮಾಡಿ ಒಪ್ಪಿದರು, ಖರ್ಚನ್ನೂ ಅವರೇ ಕೊಟ್ಟರು. ಕೇಳುವುದಕ್ಕೆ ನಾಚಿ ಎಷ್ಟು ಹುಡುಗರು ಸುಮ್ಮನೆ ಹಾಕಿಕೊಳ್ಳುತ್ತಿದ್ದಾರೋ! ಮರ್ಯಾದೆಯಿಂದ ಕೇಳಿದರೆ ಕೊಡುವವರಿದ್ದಾರೆ ಎಂದು ತಿಳಿಸಲಿಕ್ಕಾಗಿಯೇ ಇದನ್ನು ಬರೆದೆವು.

ನಾವು ಮಾಡಿದ ತಪ್ಪು

ಈಗ ಮೊದಲಿಗೆ ಹೇಳಿದ ತಪ್ಪಿನ ವಿಷಯ. ಇದು ಮಗನ ಪತ್ರಕ್ಕಿಂತ ಎರಡು ವರ್ಷ ಹಿಂದಿನದು.

2016ರಲ್ಲಿ ಅಂಗಡಿಗೆ ಮೇಲಂತಸ್ತು ಕಟ್ಟಿಸಿದೆವು. ಸೇಲಂನ ದೊಡ್ಡ ಜವಳಿ ಮಳಿಗೆಗಳಲ್ಲಿ ಇರುವಂತೆ ನಮ್ಮ ಕೆಲಸದವರಿಗೂ ಒಂದೇ ಥರದ ಉಡುಪು ಇರಲಿ ಎನಿಸಿತು. ಆರು ಜನ ಹೆಣ್ಣುಮಕ್ಕಳಿಗೆ ಕಡುನೀಲಿ ಪಾಲಿಯೆಸ್ಟರ್ ಸೀರೆ, ಮೊಣಕೈವರೆಗಿನ ರವಿಕೆ. ನಾಲ್ಕು ಹುಡುಗರಿಗೆ ಟೆರಿಕಾಟ್ ಪ್ಯಾಂಟು, ತುಂಬುತೋಳಿನ ಶರ್ಟು, ಕೊರಳಿಗೆ ಟೈ. ಪಾಲಿಯೆಸ್ಟರ್ ಆರಿಸಿದ್ದು ಬೆಲೆ ಕಡಿಮೆ, ಬಣ್ಣ ಹೋಗುವುದಿಲ್ಲ, ಇಸ್ತ್ರಿ ಬೇಡ ಎಂದು. ಗಿರಾಕಿಗಳು, “ಅಂಗಡಿ ಜೋರಾಯಿತು” ಎಂದರು. ನಾವು ಹಿಗ್ಗಿದೆವು. ನಾವು ಮಾತ್ರ ಹತ್ತಿಯ ಪಂಚೆ, ಮಲ್ಲಿನ ಜುಬ್ಬ ಹಾಕಿ ಫ್ಯಾನಿನ ಕೆಳಗೆ ಕೂತಿದ್ದೆವು.

ಆ ವರ್ಷ ಮೇ ತಿಂಗಳು, ಮದುವೆಯ ಕಾಲ. ಮೇಲಂತಸ್ತಿನ ತಾರಸಿ ಕಾದು ಕೆಂಡವಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಹುಡುಗಿ ಸೀರೆಗಳ ರಾಶಿಯ ಮೇಲೆಯೇ ಕುಸಿದಳು. ಬೆಳಿಗ್ಗೆ ಒಂಬತ್ತರಿಂದ ಕೂತಿರಲಿಲ್ಲ. ಕೂರಲು ಅಲ್ಲಿ ಸ್ಟೂಲೇ ಇರಲಿಲ್ಲ. ಗಿರಾಕಿ ಬಂದಾಗ ಕೆಲಸದವರು ಕೂತಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ನಾವೇ ಹಾಕಿಸಿರಲಿಲ್ಲ. ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ನೀರನ್ನೂ ಕುಡಿದಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಗ್ಲೂಕೋಸ್ ಹಾಕಿ, ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿ, “ಈ ಬಿಸಿಲಲ್ಲಿ ಇದನ್ನು ಯಾರು ಉಡಿಸಿದ್ದು?” ಎಂದರು. ನಾವು ಉತ್ತರ ಹೇಳಲಿಲ್ಲ.

ಮರುದಿನ ಅವಳ ತಾಯಿ ಅಂಗಡಿಗೆ ಬಂದರು. ಜಗಳವಾಡಲಿಲ್ಲ. ಒಗೆದು ಮಡಿಸಿದ ಆ ಸೀರೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ತಮಿಳಿನಲ್ಲಿ ಇಷ್ಟೇ ಹೇಳಿದರು: “ಮೊದಲಾಳಿ, ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಒಂದು ದಿನ ಇದನ್ನು ಉಡಿಸಿ ಮೇಲೆ ನಿಲ್ಲಿಸಿ ನೋಡಿ.” ಬಾಕಿ ಸಂಬಳ ಎಣಿಸಿಕೊಂಡು ಹೊರಟುಹೋದರು.

ಮನೆಯ ಹೆಣ್ಣುಮಕ್ಕಳನ್ನು ಯಾಕೆ ನಿಲ್ಲಿಸಬೇಕು? ಉಡಿಸಿದವರು ನಾವು. ಹುಡುಗರಿಗೆ ಕೊಟ್ಟಿದ್ದ ಶರ್ಟು, ಪ್ಯಾಂಟು, ಟೈಗಳಲ್ಲಿ ನಮ್ಮ ಅಳತೆಯದನ್ನು ಹಾಕಿಕೊಂಡು ಮಾರನೆಯ ದಿನ ನಾವೇ ಮೇಲಂತಸ್ತಿನಲ್ಲಿ ನಿಂತೆವು. ಹನ್ನೊಂದು ಗಂಟೆಗೆ ಕತ್ತಿನ ಸುತ್ತ ಉರಿ. ಒಂದು ಗಂಟೆಗೆ ಬೆನ್ನಿಗೆ ಅಂಟಿದ ಬಟ್ಟೆಯನ್ನು ಬಿಡಿಸಿಕೊಳ್ಳುವುದೇ ಕೆಲಸವಾಯಿತು. ಗಿರಾಕಿ ಹದಿನೈದನೆಯ ಸೀರೆ ತೆಗೆಸಿದಾಗ ನಮ್ಮ ಬಾಯಿಂದ ಒರಟು ಮಾತು ಬಂತು. ಮೂರೂವರೆಗೆ ಕೆಳಗಿಳಿದು ಬಂದೆವು. ಸಂಜೆಯವರೆಗೂ ನಿಲ್ಲಲಾಗಲಿಲ್ಲ. ಆ ಹುಡುಗಿ ರಾತ್ರಿ ಒಂಬತ್ತರವರೆಗೆ ನಿಲ್ಲುತ್ತಿದ್ದಳು. ಮುಖದಲ್ಲಿ ನಗು ಇರಬೇಕೆಂದು ಬೇರೆ ಹೇಳಿದ್ದೆವು.

ಅದೇ ವಾರ ಟೈ ತೆಗೆದೆವು, ಪಾಲಿಯೆಸ್ಟರ್ ತೆಗೆದೆವು. ಇಳಂಪಿಳ್ಳೆಯಿಂದ ಹತ್ತಿಯ ಸೀರೆ ತರಿಸಿ, ಸೀರೆಯೋ ಚೂಡಿದಾರೋ ನೀವೇ ಆರಿಸಿಕೊಳ್ಳಿ, ಬಣ್ಣ ಮಾತ್ರ ಒಂದೇ ಇರಲಿ ಎಂದೆವು. ಆರಿಸಿಕೊಂಡವರು ಹೆಚ್ಚಿನವರು ಚೂಡಿದಾರನ್ನೇ; ಏಣಿ ಹತ್ತಿ ಇಳಿಯುವವರಿಗೆ ಅದೇ ಅನುಕೂಲ. ಪ್ರತಿ ಕೌಂಟರಿಗೆ ಎರಡು ಸ್ಟೂಲು, ಒಂದು ಕುಡಿಯುವ ನೀರಿನ ಕ್ಯಾನು ಇಡಿಸಿದೆವು. ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಇರಲೇಬೇಕೆಂದು ತಮಿಳುನಾಡು ಸರ್ಕಾರ ಕಾನೂನಿಗೆ ತಿದ್ದುಪಡಿ ತಂದದ್ದು 2021ರಲ್ಲಿ. ಕೇರಳ ಅದಕ್ಕೂ ಮೊದಲೇ, 2018ರಲ್ಲಿ ತಂದಿತ್ತು. ಕಾನೂನಿಗಿಂತ ಮೊದಲೇ ಇಟ್ಟೆವು ಎಂದು ಹೇಳಿಕೊಳ್ಳಲು ನಮಗೆ ಮುಖವಿಲ್ಲ. ಒಬ್ಬಳು ಬಿದ್ದ ಮೇಲೆ ಇಟ್ಟದ್ದು ಅದು.

ಆ ಹುಡುಗಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಎರಡು ಸಲ ಹೇಳಿಕಳಿಸಿದೆವು. ಕೆಲವು ವರ್ಷದ ನಂತರ ಅವಳ ಮದುವೆಯಾಯಿತು. ನಮ್ಮ ಬೀದಿಯಲ್ಲೇ ಎದುರಿನ ಅಂಗಡಿಯಲ್ಲಿ ಮದುವೆಯ ಬಟ್ಟೆ ತೆಗೆದರು. ತಾಯಿ ನಮ್ಮನ್ನು ಕಂಡು ಕೈ ಮುಗಿದರು. ನಾವೂ ಮುಗಿದೆವು.

‘ನೋಟ ಪರರಿಚ್ಛೆ’ ಎಂದಾಗ ಪರರು ಎಂದರೆ ಕಾಸು ತರುವ ಗಿರಾಕಿ ಒಬ್ಬನೇ ಎಂದು ನಾವು ತಿಳಿದಿದ್ದೆವು. ಆ ಉಡುಪನ್ನು ಮೈಮೇಲೆ ಹೊರುವವರೂ ಪರರೇ. ಗೂಡಿನೊಳಗಿನ ಹುಳುವೂ ಪರವೇ. ಅವರ ಇಚ್ಛೆಯನ್ನು ನಾವು ಕೇಳಿಯೇ ಇರಲಿಲ್ಲ.

ಮನೆಯವರಿಗೆ ಕೆಲವು ಮಾತು

ಕೆಲಸಕ್ಕೆ ಹೊರಡುವ ಮಕ್ಕಳಿಗೂ, ಅಂಗಡಿ ನಡೆಸುವವರಿಗೂ ಉಪಯೋಗವಾಗಲೆಂದು ಅನುಭವದಿಂದ ನಾಲ್ಕು ಮಾತು ಹೇಳುತ್ತೇವೆ.

ಮೊದಲ ಸಂಬಳಕ್ಕೆ ಮುಂಚೆಯೇ ಹದಿನೈದು ಜೊತೆ ಬಟ್ಟೆ ಕೊಳ್ಳಬೇಡಿ. ಜವಳಿ ಅಂಗಡಿಯವರಾಗಿ ಈ ಮಾತು ಹೇಳುತ್ತಿದ್ದೇವೆ, ನಂಬಿ. ಐದು ಶರ್ಟು, ಮೂರು ಪ್ಯಾಂಟು ಇದ್ದರೆ ವಾರವಿಡೀ ನಡೆಯುತ್ತದೆ. ಪ್ಯಾಂಟು ಕಪ್ಪು, ಕಡುನೀಲಿ, ಮಣ್ಣಿನ ಬಣ್ಣದ್ದಿರಲಿ, ಶರ್ಟು ತಿಳಿಬಣ್ಣದ್ದು. ಯಾವುದಕ್ಕೆ ಯಾವುದನ್ನು ಹಾಕಿದರೂ ಹೊಂದುತ್ತದೆ. ಪರಿಗ್ರಹ ಪರಿಮಾಣ ವ್ರತವನ್ನು ಬೀರುವಿನಿಂದಲೂ ಆರಂಭಿಸಬಹುದು. ಹೊಸ ಜೊತೆ ಬಂದರೆ ಹಳೆಯ ಜೊತೆ ಯಾರಿಗಾದರೂ ಹೋಗಲಿ.

ಬೆಲೆಗಿಂತ ಅಳತೆ ಮುಖ್ಯ. ಎರಡು ಸಾವಿರದ ಶರ್ಟಿನ ಹೆಗಲು ಇಳಿಬಿದ್ದಿದ್ದರೆ ಅದು ಎರವಲು ತಂದಂತೆ ಕಾಣುತ್ತದೆ. ಆರುನೂರರ ಶರ್ಟನ್ನು ಊರ ದರ್ಜಿಯಿಂದ ಸರಿಪಡಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅದಕ್ಕೊಂದು ಘನತೆ ಬರುತ್ತದೆ. ಗುಂಡಿ ಹೋಗಿದ್ದರೆ ಅಂದೇ ಹಾಕಿಸಿ. ನಮ್ಮ ಕಡೆಯ ಸೆಖೆಗೆ ಹತ್ತಿ, ಇಲ್ಲವೇ ಹತ್ತಿ ಹೆಚ್ಚಿರುವ ಮಿಶ್ರಣ. ಒಳಗೆ ಹೊಲಿದ ಪಟ್ಟಿಯಲ್ಲಿ ಯಾವ ನೂಲು ಎಷ್ಟು ಎಂದು ಅಚ್ಚಾಗಿರುತ್ತದೆ, ಓದಿ ಕೊಳ್ಳಿ.

ಬೆಲ್ಟು, ಷೂ, ಪರ್ಸು, ಗಡಿಯಾರದ ಪಟ್ಟಿ ಇವು ಯಾವುದರವು ಎಂದು ಅಂಗಡಿಯಲ್ಲೇ ಕೇಳಿ. ಕತ್ತರಿಸಿದ ಅಂಚು ನೋಡಿದರೆ ತಿಳಿಯುತ್ತದೆ: ಚರ್ಮದ ಅಂಚು ನಾರುನಾರಾಗಿರುತ್ತದೆ, ಕೃತಕದ್ದರಲ್ಲಿ ಬಟ್ಟೆಯ ಪದರ ಕಾಣುತ್ತದೆ. ಕೆಲವು ಷೂಗಳ ಮೇಲೆ ಚರ್ಮಕ್ಕೆ ಹರಡಿದ ತೊಗಲಿನ ಚಿತ್ರ, ಬೇರೆ ವಸ್ತುವಿಗೆ ವಜ್ರದ ಆಕಾರ ಅಚ್ಚು ಹಾಕಿರುತ್ತಾರೆ.

ಅಂಗಡಿಯಲ್ಲಿ ಬನಿಯನ್ ಲುಂಗಿಯಲ್ಲಿ ಕೂರುವ ಅಭ್ಯಾಸ ನಮ್ಮ ವಯಸ್ಸಿನವರಿಗಿದೆ. ಅದನ್ನು ಬಿಡಬೇಕು. ಹೆಣ್ಣುಮಕ್ಕಳು ಬಟ್ಟೆ ಆರಿಸಲು ಬರುವ ಜಾಗ ಅದು. ಪಂಚೆ ಉಡುವವರು ಉಡಿ. ಈಗ ಜೇಬು ಇರುವ, ಸೊಂಟಕ್ಕೆ ವೆಲ್ಕ್ರೋ ಹಚ್ಚಿದ ಪಂಚೆಗಳೂ ಬಂದಿವೆ, ಜಾರುವ ಭಯವಿಲ್ಲ. ಮೇಲೆ ಒಂದು ಶುಭ್ರವಾದ ಶರ್ಟು ಇದ್ದರೆ ಬ್ಯಾಂಕಿನ ಮ್ಯಾನೇಜರು ಬಂದರೂ ಅದೇ ಸಾಕು, ರಾಗಿ ಮಾರಿ ಬಂದ ರೈತ ಬಂದರೂ ಅದೇ ಸಾಕು. ಒಬ್ಬರಿಗೆ ಶರ್ಟು, ಇನ್ನೊ­ಬ್ಬರಿಗೆ ಬನಿಯನ್ ಎಂಬ ಭೇದ ಬೇಡ.

ಸೊಸೆಯಂದಿರ ಉಡುಪಿನ ಬಗ್ಗೆ ಹಿರಿಯರಿಗೆ ಒಂದು ಮಾತು. ನಮ್ಮ ದೊಡ್ಡ ಸೊಸೆ ಜಿಎಸ್‌ಟಿ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಾಳೆ. ಅಂಗಡಿಗೆ ಬರುವಾಗ ಸೀರೆಯನ್ನೇ ಉಡಬೇಕೆಂದು ನಾವು ಹೇಳಿದ್ದೆವು. ಮೇಲಿನ ಘಟನೆ ಆದ ಮೇಲೆ ಒಂದು ದಿನ ಅವಳು, “ಮಾವ, ಕೆಲಸದವರಿಗೆ ಆರಿಸಿಕೊಳ್ಳಲು ಬಿಟ್ಟಿರಿ. ನನಗೆ?” ಎಂದಳು. ಈಗ ಅವಳು ಅಂಗಡಿಗೆ ಹತ್ತಿಯ ಕುರ್ತಾ ಹಾಕಿ ಬರುತ್ತಾಳೆ. ಹಬ್ಬಕ್ಕೆ ಯಾರೂ ಹೇಳದೆ ಸೀರೆ ಉಡುತ್ತಾಳೆ.

ಕೆಲಸದವರಿಗೆ ಸಮವಸ್ತ್ರ ಕೊಡುವ ಧಣಿಗಳು ಅದನ್ನು ಮೊದಲು ಒಂದು ಪೂರ್ತಿ ದಿನ ತಾವು ತೊಟ್ಟು, ಅವರು ನಿಲ್ಲುವ ಜಾಗದಲ್ಲೇ ನಿಂತು ನೋಡಲಿ. ಸಂಜೆಯವರೆಗೆ ನಿಲ್ಲಲಾದರೆ ಕೊಡಲಿ.

ಹಳೆಯ ಶೆಟ್ಟರ ನೆನಪು

ಮುಗಿಸುವ ಮುನ್ನ ನಮ್ಮ ಊರಿನ ಒಂದು ಹಳೆಯ ಸಂಗತಿ. ಧರ್ಮಪುರಿಗೆ ಹಿಂದೆ ತಗಡೂರು ಎಂದು ಹೆಸರು. ನೊಳಂಬ ಅರಸ ಮಹೇಂದ್ರನ ಕಾಲದಲ್ಲಿ, ಶಕ ವರ್ಷ 815ರಲ್ಲಿ, ಎಂದರೆ ಕ್ರಿ.ಶ. 893ರಲ್ಲಿ, ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಸಹೋದರರು ಇಲ್ಲಿ ಬಸದಿ ಕಟ್ಟಿಸಿದರು. ನಿಧಿಯಣ್ಣ ಅರಸನಿಂದ ಒಂದು ಹಳ್ಳಿಯನ್ನು ಪಡೆದು ಆ ಬಸದಿಗಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದ. ಇದನ್ನು ಹೇಳುವ ಶಾಸನ ಕನ್ನಡದಲ್ಲಿದೆ. ಸಾವಿರದ ನೂರು ವರ್ಷ ಹಿಂದೆ ಈ ಊರಿನಲ್ಲಿ ಕನ್ನಡ ಮಾತನಾಡಿ, ವ್ಯಾಪಾರ ಮಾಡಿ, ಜಿನನಿಗೆ ನಮಿಸಿದವರು ಅವರು. ಅಂಗಡಿಯ ಬಾಗಿಲು ತೆಗೆಯುವಾಗ ಅವರನ್ನು ನೆನೆಯುವ ರೂಢಿ ನಮಗಿದೆ.

ಅವರು ಏನು ಉಟ್ಟು ವ್ಯಾಪಾರಕ್ಕೆ ಕೂರುತ್ತಿದ್ದರೋ ಶಾಸನ ಹೇಳುವುದಿಲ್ಲ. ಕೊಟ್ಟದ್ದನ್ನು ಹೇಳುತ್ತದೆ. ನಮ್ಮ ಮಕ್ಕಳು ಪ್ಯಾಂಟು ಹಾಕಲಿ, ಪಂಚೆ ಉಡಲಿ. ಹೊಸೂರಿನ ಕಚೇರಿಯಲ್ಲಿರಲಿ, ಸೇಲಂನ ಪೇಟೆಯಲ್ಲಿರಲಿ. ಶುಭ್ರವಾಗಿ ಉಡಲಿ, ಮಿತವಾಗಿ ಕೊಳ್ಳಲಿ, ಆ ಬಟ್ಟೆಗಾಗಿ ಬೇರೆ ಯಾವ ಜೀವವೂ ಬೇಯದಂತೆ ಕೈಲಾದಷ್ಟು ನೋಡಿಕೊಳ್ಳಲಿ. ನಮ್ಮ ಅಂಗಡಿಯ ರೇಷ್ಮೆ ಕಪಾಟಿನ ಲೆಕ್ಕ ಇನ್ನೂ ಬಾಕಿ ಇದೆ. ಇದೇ ವ್ಯಾಪಾರದಲ್ಲಿದ್ದು ಅದಕ್ಕೆ ದಾರಿ ಕಂಡುಕೊಂಡ ಬಂಧುಗಳು ಯಾರಾದರೂ ಇದ್ದರೆ ಈ ಪತ್ರಿಕೆಗೆ ಬರೆಯಬೇಕು, ಓದಿ ಕಲಿಯುತ್ತೇವೆ.

ಜೈ ಜಿನೇಂದ್ರ.